ಕಾರ್ಟ್‌ಗೆ ಬಿದ್ದದ್ದೆಲ್ಲ ಕೈಗೆ ಬರುವುದಿಲ್ಲ: ರೆಟ್ರೋ ಕನ್ಸೋಲ್ ಪ್ರೀಆರ್ಡರ್ ಮಾಡುವ ಬಗೆ

2017ರ ಜುಲೈ 21, ಶುಕ್ರವಾರ ಸಂಜೆ. ಅಮೆರಿಕದ ವಾಲ್‌ಮಾರ್ಟ್ ವೆಬ್‌ಸೈಟಿನಲ್ಲಿ ನಿಂಟೆಂಡೊ ಕಂಪನಿಯ ಎಸ್‌ಎನ್‌ಇಎಸ್ ಕ್ಲಾಸಿಕ್ ಎಡಿಷನ್, ಅಂದರೆ ಹಳೆಯ ವಿಡಿಯೋ ಗೇಮ್‌ಗಳನ್ನು ಟಿವಿಯಲ್ಲಿ ಆಡಿಸುವ ಪುಟ್ಟ ಕನ್ಸೋಲ್, ಇದ್ದಕ್ಕಿದ್ದಂತೆ ಪ್ರೀಆರ್ಡರ್‌ಗೆ (ಬಿಡುಗಡೆಗೆ ಮೊದಲೇ ಕಾಯ್ದಿರಿಸಲು) ಸಿಗತೊಡಗಿತು. ಕಂಡವರೆಲ್ಲ ಆರ್ಡರ್ ಹಾಕಿದರು, ದೃಢೀಕರಣದ ಇಮೇಲೂ ಬಂತು. ಕೆಲವೇ ದಿನಗಳಲ್ಲಿ ಅಷ್ಟೂ ಆರ್ಡರ್ ರದ್ದಾಯಿತು. ತಾಂತ್ರಿಕ ದೋಷದಿಂದ ಪುಟ ಮೊದಲೇ ತೆರೆದುಕೊಂಡಿತ್ತು ಎಂಬ ಸಮಜಾಯಿಷಿ ಬಂತು. ತಿಂಗಳ ನಂತರ, ಆಗಸ್ಟ್ 22ರ ಅಪರಾತ್ರಿಯಲ್ಲಿ, ಬೇರೆ ದೊಡ್ಡ ಅಂಗಡಿಗಳು ಮುಂಚಿತವಾಗಿ ಸಮಯ ಹೇಳದೆ ಪ್ರೀಆರ್ಡರ್ ತೆರೆದವು. ಬೆಳಿಗ್ಗೆ ಎದ್ದು ನೋಡಿದವರಿಗೆ ಕಂಡದ್ದು 'ಸೋಲ್ಡ್ ಔಟ್'.

ಇಂಥ ಕನ್ಸೋಲ್ ಕೈತಪ್ಪಿದಾಗ ನಾವು ಸಾಮಾನ್ಯವಾಗಿ ಬೆರಳನ್ನೇ ಬೈದುಕೊಳ್ಳುತ್ತೇವೆ: ಒಂದು ಸೆಕೆಂಡ್ ಮೊದಲೇ ಒತ್ತಿದ್ದರೆ ಸಿಗುತ್ತಿತ್ತು ಅಂತ. ನಿಜವಾಗಿ ಪ್ರೀಆರ್ಡರ್ ಹಾಳಾಗುವುದು ಹೆಚ್ಚಾಗಿ ಬಟನ್ ಒತ್ತಿದ ಮೇಲೆ. ಪಾವತಿ ಪುಟದಲ್ಲಿ ಕಾರ್ಡ್ ತಿರಸ್ಕಾರವಾಗುತ್ತದೆ; ಅಥವಾ ಆರ್ಡರ್ ಆಗಿ ಹಲವು ತಿಂಗಳಾದ ಮೇಲೆ, ಎಲ್ಲ ಮರೆತು ಕೂತಾಗ, ಸದ್ದಿಲ್ಲದೆ ರದ್ದಾಗುತ್ತದೆ. ಹಾಗಾಗಿ ತಯಾರಿಯ ಮುಕ್ಕಾಲು ಪಾಲು ಆ ಎರಡು ಜಾಗಗಳಿಗೇ ಮೀಸಲಿಡಿ.

ಕೊರತೆ ಯಾವ ಬಗೆಯದು?

ಸಿಗದ ಕನ್ಸೋಲ್‌ಗಳೆಲ್ಲ ಒಂದೇ ಕಾರಣಕ್ಕೆ ಸಿಗದಿರುವುದಿಲ್ಲ. ನಿಂಟೆಂಡೊದ್ದೇ ಎನ್‌ಇಎಸ್ ಕ್ಲಾಸಿಕ್ 2016ರ ನವೆಂಬರ್ 11ರಂದು 59.99 ಡಾಲರ್‌ಗೆ, 30 ಆಟಗಳೊಂದಿಗೆ ಮಾರುಕಟ್ಟೆಗೆ ಬಂತು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಖಾಲಿ. 2017ರ ಏಪ್ರಿಲ್‌ನಲ್ಲಿ ತಯಾರಿಕೆಯೇ ನಿಲ್ಲುತ್ತದೆ ಎಂದು ನಿಂಟೆಂಡೊ ಪ್ರಕಟಿಸಿತು. ಮರುಮಾರಾಟಗಾರರು ಬಾಯಿಗೆ ಬಂದ ಬೆಲೆ ಹೇಳಿದರು. ಆದರೆ 2018ರ ಜೂನ್ 29ರಂದು ಅದೇ ಕನ್ಸೋಲ್, ಅದೇ ಬೆಲೆಗೆ ಮತ್ತೆ ಅಂಗಡಿಗೆ ಬಂತು. ಎಸ್‌ಎನ್‌ಇಎಸ್ ಕ್ಲಾಸಿಕ್ ಅಂತೂ 2018ರ ಮಾರ್ಚ್ ಅಂತ್ಯದ ಹೊತ್ತಿಗೆ 50 ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತು. ಅದರ ನಿಗದಿತ ಬೆಲೆ 79.99 ಡಾಲರ್‌ಗಿಂತ ಹೆಚ್ಚು ಕೊಡಬೇಡಿ ಎಂದು ನಿಂಟೆಂಡೊ ಆಫ್ ಅಮೆರಿಕದ ಅಂದಿನ ಅಧ್ಯಕ್ಷ ರೆಜಿ ಫಿಸ್-ಎಮೆ 2017ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದು ಸುಮ್ಮನೆ ಅಲ್ಲ. ದೊಡ್ಡ ಕಂಪನಿಯ ಅಗ್ಗದ ಮಿನಿ ಕನ್ಸೋಲ್ ಆಗಿದ್ದರೆ ಮೊದಲ ದಿನ ತಪ್ಪಿದ್ದಕ್ಕೆ ದುಃಖ ಪಡಬೇಕಿಲ್ಲ. ಎರಡನೇ, ಮೂರನೇ ಸರದಿ ಬರುವ ಸಾಧ್ಯತೆ ದೊಡ್ಡದು.

ಇನ್ನೊಂದು ಬಗೆ ಸಣ್ಣ ಕಂಪನಿಗಳದ್ದು. ಅನಲಾಗ್ ಕಂಪನಿಯ 'ಪಾಕೆಟ್' ಎಂಬ ಕೈ ಕನ್ಸೋಲ್ ಹಳೆಯ ಗೇಮ್ ಬಾಯ್ ಕಾರ್ಟ್ರಿಜ್‌ಗಳನ್ನು ಎಫ್‌ಪಿಜಿಎ (ಹಳೆಯ ಕನ್ಸೋಲ್‌ನ ಸರ್ಕ್ಯೂಟನ್ನೇ ಅನುಕರಿಸುವಂತೆ ಹೊಂದಿಸಬಲ್ಲ) ಚಿಪ್‌ನ ಮೂಲಕ ಓಡಿಸುತ್ತದೆ. ಅದು 2020ರ ಆಗಸ್ಟ್ 3ರಂದು 199 ಡಾಲರ್‌ಗೆ ಪ್ರೀಆರ್ಡರ್‌ಗೆ ಬಂದು ನಿಮಿಷಗಳಲ್ಲಿ ಖಾಲಿಯಾಯಿತು. ಮೊದಲು ಹೇಳಿದ ಗಡುವು 2021ರ ಮೇ. ಅದು ಅಕ್ಟೋಬರ್‌ಗೆ ಜರುಗಿತು. ಕಡೆಗೆ ಪಾರ್ಸಲ್ ಹೊರಟದ್ದು ಡಿಸೆಂಬರ್ 13ಕ್ಕೆ. ಮರುದಿನವೇ 219 ಡಾಲರ್‌ಗೆ ಪ್ರೀಆರ್ಡರ್ ಮತ್ತೆ ತೆರೆಯಿತು. ಈ ಸಲ ಎ, ಬಿ, ಸಿ ಎಂಬ ಗುಂಪುಗಳು, ಕೊನೆಯ ಗುಂಪಿಗೆ 2023ರ ಗಡುವು. ಇಲ್ಲಿ ಕೊರತೆ ಇರುವುದು ವಸ್ತುವಿಗಲ್ಲ, ಸರದಿಗೆ. ನಿಮಿಷ ತಡವಾದರೆ ಕಾಯುವುದು ವರ್ಷವಾಗುತ್ತದೆ. ಈ ಬಗೆಯದಕ್ಕೆ ಮಾತ್ರ ಗಡಿಯಾರ ನೋಡಿಕೊಂಡು ಕೂರುವುದರಲ್ಲಿ ಅರ್ಥವಿದೆ.

ಮೂರನೆಯದು ನಿಜಕ್ಕೂ ಕಡಿಮೆ ತಯಾರಾಗುವುದು. 2022ರ ಅಕ್ಟೋಬರ್ 27ರಂದು ಬಂದ ಸೆಗಾ ಮೆಗಾ ಡ್ರೈವ್ ಮಿನಿ 2ರ ಉತ್ತರ ಅಮೆರಿಕದ ಪಾಲು ಮೊದಲ ಮಿನಿಯ ಹತ್ತನೇ ಒಂದರಷ್ಟು ಎಂದು ಸೆಗಾ ಮೊದಲೇ ಹೇಳಿತ್ತು. ಅರೆವಾಹಕ ಚಿಪ್‌ಗಳ ಅಭಾವದ ಕಾಲ ಅದು. ಕಂಪನಿಯೇ ಇಂಥ ಅಂಕಿ ಕೊಟ್ಟಿದ್ದರೆ ನಂಬಿ, ಮೊದಲ ದಿನವೇ ಪ್ರಯತ್ನಿಸಿ.

ಇನ್ನು ಕೊರತೆಯ ಗಾಳಿಸುದ್ದಿ ಮಾತ್ರ ಇದ್ದದ್ದೂ ಉಂಟು. ಪ್ಲೇಸ್ಟೇಷನ್ ಕ್ಲಾಸಿಕ್ 2018ರ ಡಿಸೆಂಬರ್ 3ರಂದು 99.99 ಡಾಲರ್‌ಗೆ ಬಂತು. ತಿಂಗಳು ಮುಗಿಯುವುದರೊಳಗೆ 59.99ಕ್ಕೆ ಇಳಿದಿತ್ತು, ಮುಂದೆ ಇನ್ನೂ ಇಳಿಯಿತು. ಪ್ರೀಆರ್ಡರ್ ಮಾಡಿದವರು ಬೇಸ್ತು ಬಿದ್ದರು.

ಯಾವ ಬಗೆಯದೆಂದು ಗೊತ್ತಾದ ಮೇಲೆ ಗರಿಷ್ಠ ಬೆಲೆ ಎಷ್ಟೆಂದು ಒಂದು ಚೀಟಿಯಲ್ಲಿ ಬರೆದಿಡಿ. ತೆರಿಗೆ ಸೇರಿಸಿಯೇ ಬರೆಯಿರಿ. ಡಲ್ಲಾಸ್‌ನಲ್ಲಿ ಮಾರಾಟ ತೆರಿಗೆ ಶೇ. 8.25, 79.99ರ ಕನ್ಸೋಲ್ ಅಲ್ಲಿ 86.59 ಆಗುತ್ತದೆ. ಜಪಾನಿನಿಂದ ಅಮೆರಿಕಕ್ಕೆ ತರಿಸುವವರು ಸುಂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು: 800 ಡಾಲರ್ ಒಳಗಿನ ಪಾರ್ಸಲ್‌ಗಳಿಗಿದ್ದ ವಿನಾಯಿತಿಯನ್ನು ಅಮೆರಿಕ ಸರ್ಕಾರ 2025ರ ಆಗಸ್ಟ್ 29ರಿಂದ ನಿಲ್ಲಿಸಿತು.

ಹಿಂದಿನ ವಾರದ ಕೆಲಸ

ಮಾರುವ ಪ್ರತಿ ಅಂಗಡಿಯಲ್ಲೂ ಖಾತೆ ತೆರೆದು, ವಿಳಾಸ ಮತ್ತು ಕಾರ್ಡ್ ಉಳಿಸಿಡಿ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಇದರ ಮೇಲೆ ಇನ್ನೊಂದು ಕೆಲಸ ಮಾಡಿ: ಆ ಖಾತೆಯಿಂದ ಹತ್ತು ಡಾಲರ್ ಒಳಗಿನ ಏನನ್ನಾದರೂ ಒಂದು ವಾರ ಮುಂಚೆ ನಿಜವಾಗಿಯೂ ಕೊಂಡುಕೊಳ್ಳಿ. ಟಿವಿಗೆ ಜೋಡಿಸುವ ಒಂದು ಎಚ್‌ಡಿಎಂಐ ಕೇಬಲ್ ಸಾಕು, ಅದು ಹೇಗೂ ಬೇಕಾಗುತ್ತದೆ. ಹೊಚ್ಚಹೊಸ ಖಾತೆ, ಹೊಸ ಕಾರ್ಡ್, ಮೊದಲ ಖರೀದಿಯೇ ಭಾರಿ ಬೇಡಿಕೆಯ ವಸ್ತು: ಈ ಮೂರೂ ಒಟ್ಟಿಗೆ ಬಂದರೆ ಅಂಗಡಿಯ ವಂಚನೆ ತಡೆ ವ್ಯವಸ್ಥೆಗೆ ನೀವು ಬಾಟ್‌ನಂತೆ (ಮನುಷ್ಯರ ಬದಲು ತಾನೇ ಆರ್ಡರ್ ಹಾಕುವ ಸಾಫ್ಟ್‌ವೇರ್‌ನಂತೆ) ಕಾಣುತ್ತೀರಿ. ಸಣ್ಣ ಖರೀದಿ ಸಲೀಸಾಗಿ ಆಯಿತೆಂದರೆ ಕಾರ್ಡ್, ವಿಳಾಸ, ಬ್ಯಾಂಕ್ ಮೂರೂ ಸರಿಯಿದೆ ಎಂದೂ ಖಾತ್ರಿಯಾಗುತ್ತದೆ.

ವಿಳಾಸದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕದ ಅಂಗಡಿಗಳು ಎವಿಎಸ್ ಎಂಬ ಪರಿಶೀಲನೆ ಮಾಡುತ್ತವೆ. ನೀವು ಕೊಟ್ಟ ಬಿಲ್ಲಿಂಗ್ ವಿಳಾಸದ ಮನೆ ಸಂಖ್ಯೆ ಮತ್ತು ಜಿಪ್ ಕೋಡನ್ನು (ಅಲ್ಲಿನ ಪಿನ್ ಕೋಡ್) ಬ್ಯಾಂಕಿನಲ್ಲಿರುವ ಅಂಕಿಗಳ ಜೊತೆ ಹೋಲಿಸಿ ನೋಡುವುದು ಅದರ ಕೆಲಸ. ಓದಲು ಹೋಗಿ ಎರಡು ವರ್ಷದಲ್ಲಿ ಮೂರು ಅಪಾರ್ಟ್‌ಮೆಂಟ್ ಬದಲಿಸಿದ ವಿದ್ಯಾರ್ಥಿಯ ಅಂಗಡಿ ಖಾತೆಯಲ್ಲಿ ಹೊಸ ವಿಳಾಸವಿದ್ದು ಬ್ಯಾಂಕಿನಲ್ಲಿ ಹಳೆಯದೇ ಉಳಿದಿರುತ್ತದೆ. ಜಿಪ್ ಕೋಡ್ ಹೊಂದದಿದ್ದರೆ ಪಾವತಿ ತಿರಸ್ಕಾರ. ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ವಿಳಾಸ ಸರಿ ಮಾಡಿ, ಆಮೇಲೆ ಅಂಗಡಿಯಲ್ಲಿ.

ಡೆಬಿಟ್ ಕಾರ್ಡ್ ಬೇಡ. ಪ್ರತಿ ಪ್ರಯತ್ನದಲ್ಲೂ ಅಂಗಡಿ ಅಷ್ಟು ಮೊತ್ತವನ್ನು ತಾತ್ಕಾಲಿಕವಾಗಿ ತಡೆಹಿಡಿಸಬಹುದು. ಪಾವತಿ ಮಧ್ಯದಲ್ಲೇ ಮುರಿದುಬಿದ್ದು ಮೂರು ಸಲ ಯತ್ನಿಸಿದರೆ ಮೂರು ತಡೆ ಬೀಳುವ ಸಂಭವವಿದೆ. ಕ್ರೆಡಿಟ್ ಕಾರ್ಡ್‌ನಲ್ಲಿ ಅದು ಮಿತಿಯ ಲೆಕ್ಕವಷ್ಟೆ. ಡೆಬಿಟ್ ಕಾರ್ಡ್‌ನಲ್ಲಿ ಬಾಡಿಗೆಗೆ ಇಟ್ಟ ದುಡ್ಡೇ ಕೆಲವು ದಿನ ಸಿಕ್ಕಿಹಾಕಿಕೊಳ್ಳುತ್ತದೆ. ಬೇರೆ ಬ್ಯಾಂಕಿನ ಎರಡನೇ ಕ್ರೆಡಿಟ್ ಕಾರ್ಡ್ ಒಂದನ್ನು ಖಾತೆಗೆ ಸೇರಿಸಿಡಿ.

ಕಾರ್ಡ್‌ನ ಮುಕ್ತಾಯದ ತಿಂಗಳನ್ನೂ ನೋಡಿಕೊಳ್ಳಿ. ದೊಡ್ಡ ಅಂಗಡಿಗಳು ಸಾಮಾನ್ಯವಾಗಿ ಪಾರ್ಸಲ್ ಹೊರಡುವಾಗ ಹಣ ತೆಗೆದುಕೊಳ್ಳುತ್ತವೆ. ಅಷ್ಟರಲ್ಲಿ ಕಾರ್ಡ್ ಅವಧಿ ಮುಗಿದಿದ್ದರೆ ಆರ್ಡರ್ ಕೈಬಿಟ್ಟಂತೆಯೇ.

ಸಣ್ಣ ಕಂಪನಿಗಳಲ್ಲಿ ಹೆಚ್ಚಾಗಿ ಪೂರ್ತಿ ಹಣ ಅಂದೇ. ಅಲ್ಲಿ ಪಾವತಿಯ ದಾರಿಯನ್ನು ಯೋಚಿಸಿ ಆರಿಸಿ. ಪೇಪಾಲ್ ಬೇಗ ಮುಗಿಯುತ್ತದೆ ನಿಜ, ಆದರೆ ಅದರಲ್ಲಿ ತಕರಾರು ಹೂಡಲು ಪಾವತಿಯ ದಿನದಿಂದ 180 ದಿನ ಮಾತ್ರ. ಪಾಕೆಟ್‌ಗೆ 2020ರ ಆಗಸ್ಟ್ 3ರಂದು ಪಾವತಿ ಮಾಡಿದವರಿಗೆ ಆ ಗಡುವು 2021ರ ಜನವರಿ 30ಕ್ಕೆ ಮುಗಿಯಿತು, ಪಾರ್ಸಲ್ ಹೊರಡಲು ಇನ್ನೂ ಹತ್ತು ತಿಂಗಳಿತ್ತು. ಕ್ರೆಡಿಟ್ ಕಾರ್ಡ್ ಬಿಲ್ಲಿನ ತಪ್ಪಿಗೆ ಅಮೆರಿಕದ ಕಾನೂನು ಕೊಡುವುದು ಸ್ಟೇಟ್‌ಮೆಂಟ್ ಬಂದಾಗಿನಿಂದ 60 ದಿನ. ಆದರೆ ಬಾರದ ಸರಕಿನ ವಿಷಯದಲ್ಲಿ ಕಾರ್ಡ್ ಜಾಲಗಳ (ವೀಸಾ, ಮಾಸ್ಟರ್‌ಕಾರ್ಡ್‌ನಂಥವು) ನಿಯಮಗಳು ಸಾಮಾನ್ಯವಾಗಿ ತಲುಪಬೇಕಿದ್ದ ದಿನದಿಂದ ಲೆಕ್ಕ ಹಾಕುತ್ತವೆ. ಹಾಗಾಗಿ ಉದ್ದನೆಯ ಪ್ರೀಆರ್ಡರ್‌ಗೆ ಕ್ರೆಡಿಟ್ ಕಾರ್ಡೇ ಮೇಲು. ಗಡುವಿನ ತಿಂಗಳು ಕಾಣುವಂತೆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಾಳೆ ಆ ಪುಟದಲ್ಲಿ ತಿಂಗಳು ಬದಲಾಗಿರುತ್ತದೆ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಅಮೆರಿಕದ ಅಂಗಡಿಗೆ ಕಾರ್ಡ್ ಕೊಡುವವರಿಗೆ ಬೇರೆ ತೊಡಕುಗಳಿವೆ. ರಿಸರ್ವ್ ಬ್ಯಾಂಕ್ ನಿಯಮದಂತೆ 2020ರ ಅಕ್ಟೋಬರ್ 1ರಿಂದ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಮೊದಲಿಗೆ ಬಂದ್ ಆಗಿರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ಬಳಕೆಯನ್ನು ನೀವೇ ಚಾಲೂ ಮಾಡಿ, ಮಿತಿಯನ್ನೂ ಏರಿಸಬೇಕು. ಇಷ್ಟೆಲ್ಲ ಮಾಡಿದರೂ ಆರು ಅಂಕಿಯ ಪಿನ್ ಕೋಡು ಎವಿಎಸ್ ಪರೀಕ್ಷೆಯಲ್ಲಿ ಪಾಸಾಗದೆ ಹಲವು ಅಂಗಡಿಗಳು ತಿರಸ್ಕರಿಸುತ್ತವೆ. ಪಾರ್ಸಲ್ ಮುಂದಕ್ಕೆ ಕಳಿಸುವ ಏಜೆನ್ಸಿಗಳ ವಿಳಾಸವೂ ಅಪಾಯ: ಒಂದು ಮನೆಗೆ ಒಂದೇ ಎಂಬ ನಿಯಮವಿರುವಾಗ ಅದೇ ಗೋದಾಮಿನ ವಿಳಾಸಕ್ಕೆ ಹತ್ತಾರು ಆರ್ಡರ್ ಬಿದ್ದರೆ ಎಲ್ಲವನ್ನೂ ಒಟ್ಟಿಗೆ ಎತ್ತಿ ಹಾಕುತ್ತಾರೆ. ಅಲ್ಲಿರುವ ಅಕ್ಕನೋ ಭಾವನೋ ತಮ್ಮದೇ ಖಾತೆ, ತಮ್ಮದೇ ಕಾರ್ಡ್‌ನಿಂದ ಆರ್ಡರ್ ಹಾಕುವುದೊಂದೇ ನೆಚ್ಚಬಹುದಾದ ದಾರಿ. ಅವರ ಖಾತೆಗೆ ನೀವು ಇಲ್ಲಿಂದ ಲಾಗಿನ್ ಆಗಲು ಹೋಗಬೇಡಿ. ಬೇರೆ ದೇಶದಿಂದ ಬಂದ ಲಾಗಿನ್ ಎಂದು ಖಾತೆಯೇ ಬೀಗ ಬೀಳಬಹುದು.

ಗಡಿಯಾರ

ಪೆಸಿಫಿಕ್ ಕಾಲಮಾನದ (ಅಮೆರಿಕದ ಪಶ್ಚಿಮ ಕರಾವಳಿಯದು) ಬೆಳಿಗ್ಗೆ 8 ಎಂದರೆ ಬೇಸಿಗೆಯಲ್ಲಿ ನಮ್ಮ ರಾತ್ರಿ 8:30, ಚಳಿಗಾಲದಲ್ಲಿ 9:30. ಅಮೆರಿಕದವರು ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದೂಡಿ ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಕನ್ಸೋಲ್‌ಗಳು ಹೆಚ್ಚಾಗಿ ಬರುವುದು ಅದೇ ಅಕ್ಟೋಬರ್–ನವೆಂಬರ್‌ನಲ್ಲಿ, ಎಡವುವುದೂ ಅಲ್ಲೇ. ಜಪಾನ್‌ನ ಬೆಳಿಗ್ಗೆ 10 ನಮ್ಮ ಬೆಳಗಿನ 6:30. ಸಮಯ ಘೋಷಿಸದೆ ತೆರೆಯುವ ಅಂಗಡಿಗಳಿಗೆ ಸ್ಟಾಕ್ ಎಚ್ಚರಿಕೆ ಕೊಡುವ ಸೇವೆಗಳಲ್ಲಿ ಹೆಸರು ನೋಂದಾಯಿಸಿ, ಎಚ್ಚರಿಕೆಯನ್ನು ಇಮೇಲ್‌ಗಲ್ಲ, ಫೋನ್ ಬಡಿದೆಬ್ಬಿಸುವ ನೋಟಿಫಿಕೇಷನ್‌ಗೆ ಕೊಡಿ. ಅಪರಾತ್ರಿಯ ಇಮೇಲನ್ನು ಬೆಳಿಗ್ಗೆ ಓದಿ ಪ್ರಯೋಜನವಿಲ್ಲ.

ಆ ಹತ್ತು ನಿಮಿಷ

ತತ್ಕಾಲ್ ಟಿಕೆಟ್‌ಗೆ ಬೆಳಿಗ್ಗೆ 10ಕ್ಕೆ ಕೂತವರಿಗೆ ಈ ಆಟ ಹೊಸದಲ್ಲ. ಕ್ರಮ ಹೀಗಿರಲಿ:

1. ಅರ್ಧ ಗಂಟೆ ಮೊದಲು ಲಾಗಿನ್ ಆಗಿ. ಕಾರ್ಟ್‌ನಲ್ಲಿ ಹಳೆಯದೇನಾದರೂ ಇದ್ದರೆ ತೆಗೆಯಿರಿ. ಆ ಹಳೆಯ ವಸ್ತು ಸ್ಟಾಕ್ ಇಲ್ಲದಿದ್ದರೆ ಚೆಕ್‌ಔಟ್ ಅಲ್ಲೇ ನಿಲ್ಲುತ್ತದೆ.

2. ಅಂಗಡಿ ಆನ್‌ಲೈನ್ ಕಾಯುವ ಕೋಣೆ ಇಟ್ಟಿದ್ದರೆ ಆರಂಭಕ್ಕೆ ಹತ್ತು ನಿಮಿಷ ಮೊದಲು ಒಳಗಿರಿ. ಇಂಥ ಹಲವು ವ್ಯವಸ್ಥೆಗಳಲ್ಲಿ ಮೊದಲೇ ಬಂದು ಕಾಯುತ್ತಿರುವವರಿಗೆಲ್ಲ ಆರಂಭದ ಕ್ಷಣದಲ್ಲಿ ಲಾಟರಿಯಂತೆ ಸರದಿ ಸಂಖ್ಯೆ ಹಂಚುತ್ತಾರೆ. ತಡವಾಗಿ ಬಂದವರು ಅವರ ಹಿಂದೆ. ಎರಡು ಗಂಟೆ ಮೊದಲೇ ಬಂದದ್ದಕ್ಕೆ ಬಹುಮಾನವಿಲ್ಲ, ಒಂದು ನಿಮಿಷ ತಡವಾದದ್ದಕ್ಕೆ ದಂಡವಿದೆ.

3. ಒಂದು ಅಂಗಡಿಗೆ ಒಂದು ಬ್ರೌಸರ್, ಒಂದೇ ಟ್ಯಾಬ್. ಸರದಿ ಸಂಖ್ಯೆ ಆ ಬ್ರೌಸರ್‌ನ ಕುಕಿಯಲ್ಲಿ (ವೆಬ್‌ಸೈಟ್ ಬ್ರೌಸರ್‌ನಲ್ಲಿ ಇಡುವ ಪುಟ್ಟ ಗುರುತಿನ ಕಡತ) ಕೂತಿರುತ್ತದೆ. ಖಾಸಗಿ (ಇನ್‌ಕಾಗ್ನಿಟೊ) ಕಿಟಕಿ ಮುಚ್ಚಿದರೆ ಸರದಿಯೂ ಹೋಯಿತು. ಎರಡನೇ ಸಾಧನ ಬೇಕೆಂದರೆ ಫೋನನ್ನು ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಇಡಿ. ಒಂದೇ ಐಪಿ ವಿಳಾಸದಿಂದ ಬೇಡಿಕೆಗಳು ಒಂದರ ಮೇಲೊಂದು ಬಂದರೆ ಸರ್ವರ್ '429' ಎಂಬ ದೋಷ ಸಂಖ್ಯೆ ತೋರಿಸಿ ಹೊರಗೆ ನಿಲ್ಲಿಸುತ್ತದೆ. ನಿಮ್ಮ ಜಾಗ ಮರೆಮಾಚುವ ವಿಪಿಎನ್ ಚಾಲೂ ಇದ್ದರೆ ಬಂದ್ ಮಾಡಿ.

4. ಕಾಯುವ ಕೋಣೆ ಇಲ್ಲದ ಕಡೆ ಮಾತ್ರ ರಿಫ್ರೆಶ್. ಕೊನೆಯ ನಿಮಿಷದಲ್ಲಿ ಐದು ಸೆಕೆಂಡಿಗೊಮ್ಮೆ ಸಾಕು. ಬಟನ್ ಕಂಡ ಮೇಲೆ ರಿಫ್ರೆಶ್ ಇಲ್ಲ, ಪಾವತಿ ಪುಟದಲ್ಲಿ 'ಹಿಂದೆ' ಬಟನ್ ಇಲ್ಲವೇ ಇಲ್ಲ.

5. ಒಂದೇ ಒಂದು ಕನ್ಸೋಲ್. ಕಂಟ್ರೋಲರ್, ಚೀಲ, ಕೇಬಲ್ ಎಲ್ಲ ಇನ್ನೊಂದು ಆರ್ಡರ್‌ನಲ್ಲಿ, ಇನ್ನೊಂದು ದಿನ. ಬಣ್ಣ ಯಾವುದೆಂದು ಮೊದಲೇ ನಿರ್ಧರಿಸಿ, ಎರಡನೇ ಆಯ್ಕೆಯನ್ನೂ.

6. ಸಾಗಣೆಯಲ್ಲಿ ಏನು ಮೊದಲೇ ಆರಿಸಿದೆಯೋ ಅದಕ್ಕೇ ಒಪ್ಪಿ, ಪಾವತಿ ಒತ್ತಿ. ಆರ್ಡರ್ ಸಂಖ್ಯೆ ಕಂಡರೆ ಸ್ಕ್ರೀನ್‌ಶಾಟ್ ತೆಗೆಯಿರಿ.

ಎಲ್ಲ ಸರಿಯಾಗಿ ಮಾಡಿದರೂ ಕೈಗೆ ಬಂದ ತುತ್ತು ಬಾಯಿಗೆ ಬರದಿರುವುದು ಕಾರ್ಟ್‌ನಲ್ಲಿ. ಹೆಚ್ಚಿನ ಅಂಗಡಿಗಳಲ್ಲಿ ಕಾರ್ಟ್‌ಗೆ ಹಾಕಿದ ಮಾತ್ರಕ್ಕೆ ವಸ್ತು ನಿಮಗೆ ಮೀಸಲಾಗುವುದಿಲ್ಲ. ಸ್ಟಾಕ್‌ನಿಂದ ಒಂದು ಕಡಿಮೆಯಾಗುವುದು ಪಾವತಿಯ ಹಂತದಲ್ಲಿ. ಇದರ ಜೊತೆಗೆ ನೀವು ನೋಡುತ್ತಿರುವ ಪುಟ ಹತ್ತಿರದ ಯಾವುದೋ ಸರ್ವರ್‌ನಲ್ಲಿ ಕೆಲವು ಸೆಕೆಂಡ್ ಹಿಂದೆ ಇಟ್ಟ ನಕಲಾಗಿರಬಹುದು. ಸ್ಟಾಕ್ ಸೊನ್ನೆಯಾದ ಮೇಲೂ 'ಆ್ಯಡ್ ಟು ಕಾರ್ಟ್' ಬೆಳಗುತ್ತಲೇ ಇರುವುದು ಇದಕ್ಕೇ. ಮೂಗಿಗೆ ತುಪ್ಪ ಸವರುತ್ತಿದ್ದಾರೆ ಅನಿಸುತ್ತದೆ, ಆದರೆ ಅದು ಕುತಂತ್ರವಲ್ಲ, ಯಂತ್ರಗಳ ಮಾತು ಒಂದಕ್ಕೊಂದು ತಲುಪುವ ತಡ.

ಇದರಲ್ಲೇ ಒಂದು ಲಾಭವೂ ಇದೆ. ಮೊದಲ ಅಲೆಯಲ್ಲಿ ಕಾರ್ಡ್ ತಿರಸ್ಕಾರವಾದವರ, ಮಿತಿ ಮೀರಿ ಎರಡೆರಡು ಹಾಕಿದವರ ಪಾಲು ಮರಳಿ ಸ್ಟಾಕ್‌ಗೆ ಬರುತ್ತದೆ. 'ಸೋಲ್ಡ್ ಔಟ್' ಕಂಡ ಕೂಡಲೇ ಲ್ಯಾಪ್‌ಟಾಪ್ ಮುಚ್ಚಬೇಡಿ. ಮುಂದಿನ ಒಂದು ಗಂಟೆ ಅರ್ಧ ನಿಮಿಷಕ್ಕೊಮ್ಮೆ ನೋಡುತ್ತಿರಿ; ಮರುದಿನ, ಅಂಗಡಿಯವರು ನಕಲು ಆರ್ಡರ್‌ಗಳನ್ನು ತೆಗೆದುಹಾಕಿದ ಮೇಲೆ, ಮತ್ತೊಮ್ಮೆ.

ಪಾವತಿ ಒತ್ತಿದ ಮೇಲೆ ಪುಟ ಸುತ್ತುತ್ತಲೇ ಇದ್ದು '503' ಅಥವಾ '504' ಎಂದು ಬಂದರೆ ಕೈ ತೆಗೆದು ಕೂರಿ. ಆರ್ಡರ್ ಆಗಿರಬಹುದು, ಅದನ್ನು ಹೇಳುವ ಪುಟ ಮಾತ್ರ ಬಂದಿಲ್ಲ. ಎರಡು ಮೂರು ನಿಮಿಷ ಬಿಟ್ಟು ಇಮೇಲ್ ನೋಡಿ, ಖಾತೆಯ ಆರ್ಡರ್ ಪಟ್ಟಿ ನೋಡಿ, ಬ್ಯಾಂಕ್ ಆ್ಯಪ್‌ನಲ್ಲಿ ಬಾಕಿ ವಹಿವಾಟು ನೋಡಿ. ಮೂರರಲ್ಲೂ ಏನೂ ಇಲ್ಲದಿದ್ದರೆ ಮಾತ್ರ ಮತ್ತೆ ಒತ್ತಿ. ಬ್ಯಾಂಕ್‌ನಲ್ಲಿ ಬಾಕಿ ಇದ್ದು ಆರ್ಡರ್ ಪಟ್ಟಿಯಲ್ಲಿ ಇಲ್ಲದಿದ್ದರೆ ಇನ್ನೂ ಸ್ವಲ್ಪ ಹೊತ್ತು ಕಾದು ನೋಡಿ. ಆರ್ಡರ್ ಆಗಿಲ್ಲದಿದ್ದರೆ ಆ ತಡೆ ಸಾಮಾನ್ಯವಾಗಿ ತಾನಾಗಿ ಬಿಡುಗಡೆಯಾಗುತ್ತದೆ. ಆತುರದಲ್ಲಿ ಎರಡು ಸಲ ಹಾಕಿದರೆ ಒಬ್ಬರಿಗೆ ಒಂದೇ ಎಂಬ ನಿಯಮದಡಿ ಎರಡನ್ನೂ ರದ್ದು ಮಾಡುವ ಅಂಗಡಿಗಳಿವೆ.

ಕಾರ್ಡ್ ತಿರಸ್ಕಾರವಾದರೆ ಮೊದಲು ಫೋನ್ ನೋಡಿ. 'ಈ ವಹಿವಾಟು ನಿಮ್ಮದೇ?' ಎಂದು ಬ್ಯಾಂಕಿನ ಸಂದೇಶ ಬಂದಿರಬಹುದು. ಉತ್ತರಿಸಿ ಅದೇ ಕಾರ್ಡ್‌ನಿಂದ ಮತ್ತೆ ಯತ್ನಿಸಿ. ಸಂದೇಶವಿಲ್ಲದಿದ್ದರೆ ತಡಮಾಡದೆ ಎರಡನೇ ಕಾರ್ಡ್.

ಬಾಟ್‌ಗಳ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ 2016ರ ಡಿಸೆಂಬರ್‌ನಲ್ಲಿ ಬಂದ ಬಾಟ್ಸ್ ಕಾಯ್ದೆ ಕಾರ್ಯಕ್ರಮಗಳ ಟಿಕೆಟ್‌ಗಳಿಗೆ ಮಾತ್ರ ಅನ್ವಯ. ಆಟಿಕೆ, ಕನ್ಸೋಲ್‌ಗಳಿಗೂ ವಿಸ್ತರಿಸುವ ಮಸೂದೆ 2018ರಲ್ಲೇ ಮಂಡನೆಯಾಯಿತು, ಕಾಯ್ದೆಯಾಗಲಿಲ್ಲ. ನೀವೂ ಬಾಟ್ ಕೊಂಡು ಓಡಿಸುವ ಆಲೋಚನೆ ಬಿಡಿ. ಅಂಗಡಿಯವರ ಜಾಲಕ್ಕೆ ಮೊದಲು ಬೀಳುವುದು ಇಂಥ ಹವ್ಯಾಸಿಗಳೇ, ಕಸುಬುದಾರರಲ್ಲ.

ಆರ್ಡರ್ ಆದ ಮೇಲೆ

'ಆರ್ಡರ್ ಸ್ವೀಕರಿಸಿದ್ದೇವೆ' ಎಂಬ ಇಮೇಲ್ ಯಂತ್ರ ಕಳಿಸುವ ರಸೀದಿ ಅಷ್ಟೆ. 2017ರ ಜುಲೈನಲ್ಲಿ ವಾಲ್‌ಮಾರ್ಟ್‌ನಿಂದ ಬಂದದ್ದೂ ಅಂಥದ್ದೇ. ಇಮೇಲ್‌ನಲ್ಲಿ ಆ ಅಂಗಡಿಯ ವಿಳಾಸವನ್ನು ನಂಬಿಕಸ್ತರ ಪಟ್ಟಿಗೆ ಸೇರಿಸಿ. ವಿಳಂಬದ ಸೂಚನೆಗಳು ಪ್ರಚಾರದ ಪೆಟ್ಟಿಗೆಯಲ್ಲಿ ಹೂತುಹೋಗಬಾರದು.

ಯಾಕೆಂದರೆ ಆ ಸೂಚನೆಗೆ ಉತ್ತರ ಕೊಡದಿರುವುದಕ್ಕೂ ಕಾನೂನಿನಲ್ಲಿ ಅರ್ಥವಿದೆ. ಅಂಚೆ, ಇಂಟರ್ನೆಟ್, ದೂರವಾಣಿ ಮೂಲಕ ಮಾರುವವರಿಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮವೊಂದಿದೆ. ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಸರಕು ಕಳಿಸಬೇಕು. ಆಗದಿದ್ದರೆ ಹೊಸ ದಿನಾಂಕ ತಿಳಿಸಿ, ಬೇಡವೆಂದರೆ ಹಣ ಹಿಂದಿರುಗಿಸುವ ಅವಕಾಶ ಕೊಡಬೇಕು. ಮೊದಲ ವಿಳಂಬ 30 ದಿನ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ನೀವು ಸುಮ್ಮನಿದ್ದದ್ದು ಒಪ್ಪಿಗೆ. ವಿಳಂಬ ಅದಕ್ಕಿಂತ ಉದ್ದವಾಗಿದ್ದರೆ, ಅಥವಾ ಎರಡನೇ ಸಲ ಮುಂದೂಡಿದರೆ ನಿಮ್ಮ ಸ್ಪಷ್ಟ ಒಪ್ಪಿಗೆ ಬೇಕು; ಸುಮ್ಮನಿದ್ದರೆ ಆರ್ಡರ್ ರದ್ದು ಮಾಡಿ ಹಣ ಮರಳಿಸಬೇಕಾಗುತ್ತದೆ. ಅಂದರೆ 'ಇನ್ನೂ ಕಾಯುತ್ತೀರಾ?' ಎಂಬ ಇಮೇಲ್ ಓದದೆ ಬಿಟ್ಟವರ ಸರದಿ ತಾನಾಗಿ ಹೋಗಬಹುದು. ಅಂಥ ಇಮೇಲ್ ಬಂದ ದಿನವೇ ಒಪ್ಪಿಗೆ ಒತ್ತಿ.

ಆರ್ಡರ್‌ನಲ್ಲಿ ತಿದ್ದುಪಡಿ ಮಾಡಲು ಹೋಗಬೇಡಿ. ಕೆಲವು ವ್ಯವಸ್ಥೆಗಳಲ್ಲಿ ಬಣ್ಣ ಬದಲಿಸುವುದೆಂದರೆ ಹಳೆಯದನ್ನು ರದ್ದು ಮಾಡಿ ಹೊಸದಾಗಿ ಹಾಕುವುದು. ಸರದಿಯ ಬಾಲಕ್ಕೆ ಹೋಗುತ್ತೀರಿ. ಮನೆ ಬದಲಿಸಿದರೆ ಮಾತ್ರ ವಿಳಾಸ ಬದಲಿಸಲೇಬೇಕು, ಅದೂ ಕಂಪನಿ ಕೊಟ್ಟ ಗಡುವಿನೊಳಗೆ. ಅಂಚೆ ಕಚೇರಿಯಲ್ಲಿ ವಿಳಾಸ ಬದಲಾವಣೆ ಕೊಟ್ಟಿದ್ದೇನೆ ಎಂದು ನೆಮ್ಮದಿಯಾಗಿರಬೇಡಿ: ಅದು ಅಮೆರಿಕದ ಅಂಚೆ ಸೇವೆ ಯುಎಸ್‌ಪಿಎಸ್ ತರುವ ಟಪಾಲಿಗೆ ಮಾತ್ರ, ಯುಪಿಎಸ್ ಅಥವಾ ಫೆಡೆಕ್ಸ್ ಕೊರಿಯರ್ ತರುವ ಪೆಟ್ಟಿಗೆ ಹಳೆಯ ಬಾಗಿಲಿಗೇ ಹೋಗುತ್ತದೆ. ಪಾಕೆಟ್‌ಗಾಗಿ ಆಗಸ್ಟ್ 2020ರಿಂದ ಡಿಸೆಂಬರ್ 2021ರವರೆಗೆ ಕಾಯುವುದೆಂದರೆ ಹದಿನಾರು ತಿಂಗಳು. ಕೋರ್ಸ್ ಮುಗಿದು, ಕೆಲಸ ಸಿಕ್ಕಿ, ರಾಜ್ಯವೇ ಬದಲಾಗುವಷ್ಟು ಸಮಯ ಅದು.

ಫೋನಿನ ಕ್ಯಾಲೆಂಡರ್‌ನಲ್ಲಿ ಎರಡು ದಿನ ಗುರುತು ಹಾಕಿ: ಕಾರ್ಡ್ ಅವಧಿ ಮುಗಿಯುವ ತಿಂಗಳ ಮೊದಲ ದಿನ, ಕಂಪನಿ ಹೇಳಿದ ಗಡುವಿಗೆ ಎರಡು ವಾರ ಹಿಂದಿನ ದಿನ.

ಅಂಗಡಿಯ ಬಾಗಿಲಲ್ಲಿ

ಪ್ರೀಆರ್ಡರ್ ತಪ್ಪಿದವರಿಗೆ ಬಿಡುಗಡೆಯ ದಿನದ ಸಾಲು ಉಳಿದಿರುತ್ತದೆ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಎಸ್‌ಎನ್‌ಇಎಸ್ ಕ್ಲಾಸಿಕ್‌ಗೆ ಹಲವು ಅಂಗಡಿಗಳು ಬಾಗಿಲು ತೆರೆಯುವ ಮುನ್ನ ಸಾಲಿನಲ್ಲಿದ್ದವರಿಗೆ ಚೀಟಿ ಹಂಚಿದವು. ಹಿಂದಿನ ದಿನ ಮಧ್ಯಾಹ್ನ ಹೋಗಿ ಚೀಟಿ ಕೊಡುತ್ತೀರಾ, ಎಷ್ಟು ಹೊತ್ತಿಗೆ ಎಂದು ಕೇಳಿ. ಎಷ್ಟು ಪೀಸ್ ಬಂದಿದೆ ಎಂದು ಕೇಳಿದರೆ ಉತ್ತರ ಸಿಗುವುದು ಅನುಮಾನ. ಟಾರ್ಗೆಟ್ ಎಂಬ ಅಂಗಡಿ ಸರಣಿಯಲ್ಲಾದರೆ ವಸ್ತುವಿನ ಡಿಪಿಸಿಐ ಎಂಬ ಒಂಬತ್ತು ಅಂಕಿಯ ಸಂಖ್ಯೆ ಹೇಳಿ. ಬರೀ ಹೆಸರು ಹೇಳಿದರೆ ಹುಡುಕುವವರು ತಪ್ಪು ಪುಟ ತೆರೆದು 'ಇಲ್ಲ' ಅಂದುಬಿಡುತ್ತಾರೆ.

ಮರುಮಾರಾಟದವರ ಬಳಿ ಹೋಗಲೇಬೇಕಾದರೆ

ಚೀಟಿಯಲ್ಲಿ ಬರೆದಿಟ್ಟ ಬೆಲೆ ಮೀರಬೇಡಿ. ನೋಡುವ ಮೊದಲ ಸಾಲು ವಿವರಣೆಯದು: ಖಾಲಿ ಡಬ್ಬಿ ಅಥವಾ ಕನ್ಸೋಲ್‌ನ ಚಿತ್ರ ಮಾತ್ರ ಮಾರಾಟಕ್ಕೆ ಎಂದು ಮೂಲೆಯಲ್ಲಿ ಸಣ್ಣದಾಗಿ ಬರೆದು ಪಂಗನಾಮ ಹಾಕುವವರು ಈ ವ್ಯಾಪಾರದಲ್ಲಿ ಹಳಬರು. ಮಾರುವವರಿಗೇ ಇನ್ನೂ ಸಿಗದ ಪ್ರೀಆರ್ಡರನ್ನು ಅವರಿಂದ ಕೊಳ್ಳುವುದಂತೂ ಬೇಡ. ಅವರ ಆರ್ಡರ್ ರದ್ದಾದರೆ ನಿಮ್ಮದೂ ರದ್ದು.

ಕ್ಲಾಸಿಕ್‌ಗಳ ನಕಲಿ ಹೇರಳ. ಅಸಲಿಯಲ್ಲಿ ಟಿವಿಗೆ ಇರುವುದು ಎಚ್‌ಡಿಎಂಐ ಒಂದೇ. ಹಳದಿ, ಕೆಂಪು, ಬಿಳಿ ಎವಿ ಕಿಂಡಿಗಳು ಕಂಡರೆ, ಅಥವಾ ಡಬ್ಬಿಯ ಮೇಲೆ ನೂರಾರು ಆಟಗಳ ಲೆಕ್ಕವಿದ್ದರೆ ಅಲ್ಲೇ ಬಿಡಿ. ಅಮೆರಿಕದ ಎನ್‌ಇಎಸ್ ಕ್ಲಾಸಿಕ್ ಕೆಳಭಾಗದಲ್ಲಿ ಸಿಎಲ್‌ವಿ-001, ಎಸ್‌ಎನ್‌ಇಎಸ್ ಕ್ಲಾಸಿಕ್‌ನಲ್ಲಿ ಸಿಎಲ್‌ವಿ-201 ಎಂದಿರುತ್ತದೆ. ಎಸ್‌ಎನ್‌ಇಎಸ್‌ನ ಮುಂದೆ ಕಾಣುವ ಕಂಟ್ರೋಲರ್ ಕಿಂಡಿಗಳು ಬರೀ ಅಲಂಕಾರ. ಆ ಮುಖವನ್ನು ಎಳೆದರೆ ಕೆಳಕ್ಕೆ ಮಡಚಿ, ಹಿಂದೆ ಅಗಲವಾದ ಎರಡು ನಿಜವಾದ ಕಿಂಡಿಗಳು ಕಾಣಬೇಕು. ನಿಂಟೆಂಡೊದ ಇನ್ನೊಂದು ಕನ್ಸೋಲ್ ವೀಯ ರಿಮೋಟ್‌ಗೆ ಸಿಕ್ಕಿಸುವ ಪ್ಲಗ್ಗೇ ಅವಕ್ಕೂ. ಕೊಳ್ಳುವ ಮುನ್ನ ಆನ್ ಮಾಡಿ ನೋಡುವ ಅವಕಾಶವಿದ್ದರೆ ಆಟಗಳನ್ನು ಎಣಿಸಿ: 21. ಹೊಸ ಕನ್ಸೋಲ್‌ನಲ್ಲಿ 'ಸ್ಟಾರ್ ಫಾಕ್ಸ್ 2' ಬೀಗ ಹಾಕಿರುತ್ತದೆ, ಮೊದಲ 'ಸ್ಟಾರ್ ಫಾಕ್ಸ್'‌ನ ಮೊದಲ ಹಂತ ಗೆದ್ದ ಮೇಲೆ ತೆರೆಯುತ್ತದೆ. ಸೀಲ್ ಒಡೆಯದ ಹೊಸದೆಂದು ಮಾರಿದ ಕನ್ಸೋಲ್‌ನಲ್ಲಿ ಅದು ಮೊದಲೇ ತೆರೆದಿದ್ದರೆ ಬಳಸಿದ್ದು ಎಂದರ್ಥ, ಅಥವಾ ಅದಕ್ಕಿಂತ ಕೆಟ್ಟದ್ದು.

ಊರಿಗೆ ತರುವಾಗ

ಎನ್‌ಇಎಸ್, ಎಸ್‌ಎನ್‌ಇಎಸ್ ಕ್ಲಾಸಿಕ್‌ಗಳಲ್ಲಿ ಬ್ಯಾಟರಿ ಇಲ್ಲ, ಯಾವ ಬ್ಯಾಗ್‌ನಲ್ಲಾದರೂ ತರಬಹುದು. ಪಾಕೆಟ್‌ನಂಥ ಲಿಥಿಯಂ ಬ್ಯಾಟರಿಯ ಕನ್ಸೋಲ್‌ಗಳನ್ನು ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಿಲ್ ಜೊತೆಗಿರಲಿ, ಕಸ್ಟಮ್ಸ್‌ನವರು ಬೆಲೆ ಕೇಳಿದರೆ ಮರುಮಾರಾಟದ ಬೆಲೆಯಲ್ಲ, ಬಿಲ್ಲಿನ ಬೆಲೆ ತೋರಿಸಬಹುದು. ಕೊರಿಯರ್‌ನಲ್ಲಿ ಕಳಿಸಿದರೆ ಸುಂಕ, ಅದರ ಮೇಲೆ ಐಜಿಎಸ್‌ಟಿ, ಅದರ ಮೇಲೆ ಕೊರಿಯರ್‌ನವರ ಶುಲ್ಕ, ಎಲ್ಲ ಸೇರಿ ಮನೆ ಬಾಗಿಲಲ್ಲಿ ವಸೂಲಾಗುತ್ತದೆ.

ಅಮೆರಿಕದ ಡಬ್ಬಿಯಲ್ಲಿ ಬರುವ ಅಡಾಪ್ಟರನ್ನು ನಮ್ಮ 230 ವೋಲ್ಟ್ ಸಾಕೆಟ್‌ಗೆ ಹಾಕುವ ಮೊದಲು ಅದರ ಮೇಲೆ ಬರೆದ ಇನ್‌ಪುಟ್ ವೋಲ್ಟೇಜ್ ಓದಿ. 100–240 ಎಂದಿಲ್ಲದಿದ್ದರೆ ಪಕ್ಕಕ್ಕಿಡಿ. ಕ್ಲಾಸಿಕ್‌ಗಳಿಗೆ ಬೇಕಾದದ್ದು 5 ವೋಲ್ಟ್, 1 ಆಂಪಿಯರ್, ಮೈಕ್ರೊ ಯುಎಸ್‌ಬಿ. ಮನೆಯಲ್ಲಿ ಬಿದ್ದಿರುವ ಹಳೆಯ ಫೋನ್ ಚಾರ್ಜರ್ ಸಾಕು. ಟಿವಿಯ ಯುಎಸ್‌ಬಿ ಕಿಂಡಿಯಿಂದ ಓಡಿಸಿದರೆ ಎಷ್ಟೋ ಟಿವಿಗಳಲ್ಲಿ ಸಿಗುವುದು ಅರ್ಧ ಆಂಪಿಯರ್ ಮಾತ್ರ, ಆಟದ ನಡುವೆ ಆರಿಹೋಗಬಹುದು. ಎನ್‌ಇಎಸ್ ಕ್ಲಾಸಿಕ್ ಕಂಟ್ರೋಲರ್‌ನ ವೈರ್ ಮುಕ್ಕಾಲು ಮೀಟರ್‌ನಷ್ಟೇ ಉದ್ದ. ಸೋಫಾದಲ್ಲಿ ಕೂತು ಆಡಬೇಕೆಂದರೆ ಕನ್ಸೋಲನ್ನು ಟೀಪಾಯಿಯ ಮೇಲೆ ಇಟ್ಟು, ಅಲ್ಲಿಂದ ಟಿವಿಗೆ 3 ಮೀಟರ್ ಎಚ್‌ಡಿಎಂಐ ಕೇಬಲ್ ಎಳೆಯಿರಿ. ಖಾತೆ ಪರೀಕ್ಷಿಸಲು ಹಿಂದಿನ ವಾರ ಕೇಬಲ್ ಕೊಳ್ಳುವಾಗ ಆ ಅಳತೆಯದ್ದನ್ನೇ ಆರಿಸಿ.